ಹೊಲದಡಿ ಬಸಿ ಪೈಪ್ ಹಾಕೋದು ಹೇಗೆ, ಮಣ್ಣು ಮುಚ್ಚೋ ಮುಂಚೆ ಏನೇನು ನೋಡ್ಕೋಬೇಕು

ಮಳೆ ನಿಂತು ನಾಲ್ಕು ದಿನ ಆದ್ರೂ ಹೊಲದ ಒಂದು ಮೂಲೆಯಲ್ಲಿ ಕಾಲಿಟ್ರೆ ಪಚಪಚ ಅನ್ನತ್ತೆ, ಪಕ್ಕದಲ್ಲಿ ಬೆಳೆ ಎದೆಮಟ್ಟ ಬಂದಿದ್ರೆ ಅಲ್ಲಿ ಮೊಣಕಾಲು ದಾಟಿರಲ್ಲ, ಎಲೆ ಹಳದಿ ತಿರುಗಿರತ್ತೆ, ಟ್ರ್ಯಾಕ್ಟರ್ ಇಳಿಸಿದ್ರೆ ಹೂತ್ಕೊಳ್ಳತ್ತೆ. ಇಂಥ ಜಾಗ ಇಟ್ಕೊಂಡಿರೋರು ಸಾಮಾನ್ಯವಾಗಿ ಮೊದಲು ಮಾಡೋದೇನಂದ್ರೆ ಇನ್ನೊಂದು ಚೀಲ ಗೊಬ್ಬರ ಹಾಕೋದು. ಅದ್ರಿಂದ ಏನೂ ಆಗಲ್ಲ, ಯಾಕಂದ್ರೆ ಅಲ್ಲಿ ಕೊರತೆ ಇರೋದು ಗಾಳಿ. ಮಣ್ಣಿನ ಸಂದುಗೊಂದೆಲ್ಲ ನೀರೇ ತುಂಬಿಕೊಂಡಾಗ ಬೇರಿಗೆ ಉಸಿರಾಡೋಕೆ ಆಗಲ್ಲ, ಉಸಿರಾಡದ ಬೇರು ಗೊಬ್ಬರ ಎದುರಿಗೇ ಇದ್ರೂ ಎಳ್ಕೊಳ್ಳಲ್ಲ. ಇದಕ್ಕೆ ಇರೋ ಶಾಶ್ವತ ಉಪಾಯ ಅಂದ್ರೆ ನೆಲದೊಳಗೆ ತೂತಿರೋ ಪೈಪ್ ಹೂತು ಹೆಚ್ಚಾದ ನೀರನ್ನ ಬಸಿದು ಹೊರಗೆ ಹಾಕೋದು. ನಾನು ಇದನ್ನ ನನ್ನ ಕೈಯಾರೆ ಮಾಡಿದೀನಿ, ಒಮ್ಮೆ ತಪ್ಪೂ ಮಾಡಿ ಅಗೆದು ತೆಗೆದು ಮತ್ತೆ ಹಾಕಿದೀನಿ, ಅದಕ್ಕೇ ಇಷ್ಟು ಉದ್ದ ಬರೀತಾ ಇರೋದು.

ಒಂದು ಭಯ ತುಂಬಾ ಜನಕ್ಕೆ ಇರತ್ತೆ, ಪೈಪ್ ಹಾಕಿದ್ರೆ ಬೇಸಿಗೆಯಲ್ಲಿ ಹೊಲ ಒಣಗಿ ಹೋಗಲ್ವಾ ಅಂತ. ಹೋಗಲ್ಲ. ಮಣ್ಣಲ್ಲಿ ಎರಡು ಥರದ ನೀರು ಇರತ್ತೆ, ಮಣ್ಣಿನ ಕಣ ಗಟ್ಟಿಯಾಗಿ ಹಿಡ್ಕೊಂಡಿರೋದು ಒಂದು, ಸಂದಿನಲ್ಲಿ ಸುಮ್ನೆ ನಿಂತಿರೋದು ಇನ್ನೊಂದು. ಪೈಪಿಗೆ ಬರೋದು ಈ ಎರಡನೇದು ಮಾತ್ರ, ತನ್ನ ಭಾರಕ್ಕೆ ತಾನೇ ಇಳಿಯೋ ನೀರು. ಹಿಂಡಿದ ಬಟ್ಟೆಯಲ್ಲಿ ತೇವ ಉಳಿಯೋ ಹಾಗೆ ಬೆಳೆಗೆ ಬೇಕಾದ ತೇವ ಮಣ್ಣಲ್ಲೇ ಉಳಿಯತ್ತೆ. ಅಷ್ಟೇ ಅಲ್ಲ, ಮೇಲೆ ಮೇಲೇ ನೀರು ನಿಂತಿರೋ ಹೊಲದಲ್ಲಿ ಬೇರು ಅರ್ಧ ಅಡಿ ಒಂದಡಿಗೇ ನಿಂತ್ಬಿಡತ್ತೆ, ಆಮೇಲೆ ಬಿಸಿಲು ಬಂದು ಆ ಒಂದಡಿ ಒಣಗಿದ್ ಕೂಡ್ಲೇ ಗಿಡ ಬಾಡತ್ತೆ. ನೀರು ಕೆಳಗೆ ಇಳಿದ ಹೊಲದಲ್ಲಿ ಬೇರೂ ಹಿಂದೇನೇ ಕೆಳಗೆ ಇಳಿದಿರತ್ತೆ, ಬರ ಬಂದಾಗ ಅದೇ ಹೆಚ್ಚು ದಿನ ತಡ್ಕೊಳ್ಳತ್ತೆ.

ಆದ್ರೆ ಎಲ್ಲಾ ಕೆಸರಿಗೂ ಪೈಪೇ ಮದ್ದಲ್ಲ. ಖರ್ಚು ಮಾಡೋಕೆ ಮುಂಚೆ ಎರಡು ಮೂರು ಕಡೆ ಐದಡಿ ಆಳ ಗುಂಡಿ ತೋಡಿ ಮಣ್ಣಿನ ಗೋಡೆ ನೋಡಿ. ಕೆಂಪು ಅಥವಾ ಕಂದು ಒಂದೇ ಬಣ್ಣ ಇದ್ರೆ ಅಲ್ಲಿ ಗಾಳಿ ಆಡ್ತಾ ಇದೆ. ಬೂದು ಬಣ್ಣದ ನಡುನಡುವೆ ತುಕ್ಕಿನ ಚುಕ್ಕೆ ಚುಕ್ಕೆ ಕಂಡ್ರೆ ಅಷ್ಟು ಎತ್ತರದವರೆಗೆ ನೀರು ಬಂದು ಹೋಗಿ ಮಾಡ್ತಾ ಇದೆ ಅಂತ. ಅದಕ್ಕೂ ಕೆಳಗೆ ಪೂರ್ತಿ ಬೂದು, ನೀಲಿ ಛಾಯೆ, ಮೂಗಿಗೆ ಹಿಡಿದ್ರೆ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಅಲ್ಲಿ ವರ್ಷದ ಬಹುಪಾಲು ನೀರು ನಿಂತೇ ಇರತ್ತೆ. ಈ ಗುರುತು ಒಣ ಕಾಲದಲ್ಲೂ ಅಳಿಸಿ ಹೋಗಲ್ಲ, ಹಾಗಾಗಿ ಬೇಸಿಗೆಯಲ್ಲಿ ಗುಂಡಿ ತೋಡಿದ್ರೂ ಮಳೆಗಾಲದ ಕಥೆ ಗೊತ್ತಾಗತ್ತೆ.

ಇನ್ನೊಂದು ಪರೀಕ್ಷೆ ಅಂದ್ರೆ ಎರಡಿಂಚಿನ ಪಿವಿಸಿ ಪೈಪಿಗೆ ಸುತ್ತ ತೂತು ಹೊಡೆದು ಆರಡಿ ಆಳಕ್ಕೆ ನಿಲ್ಲಿಸಿ, ಮೇಲೆ ಮುಚ್ಚಳ ಹಾಕಿ, ಮಳೆಗಾಲ ಪೂರ್ತಿ ವಾರಕ್ಕೆರಡು ಸಲ ಒಳಗೆ ಕೋಲು ಬಿಟ್ಟು ನೀರಿನ ಮಟ್ಟ ಬರೆದಿಡೋದು. ದೊಡ್ಡ ಮಳೆ ಆದ ಎರಡು ದಿನದ ಮೇಲೂ ನೀರಿನ ಮಟ್ಟ ನೆಲದಿಂದ ಒಂದೂವರೆ ಅಡಿಯಷ್ಟೂ ಕೆಳಗೆ ಇಳಿದಿಲ್ಲ ಅಂದ್ರೆ ಪೈಪ್ ಹಾಕಿದ್ದಕ್ಕೆ ಫಲ ಸಿಗತ್ತೆ. ಗುಂಡಿಯಲ್ಲಿ ಒಂದಡಿ ಕೆಳಗೆ ಗಾರೆ ಥರ ಗಟ್ಟಿ ಪದರ ಇದ್ದು, ಅದರ ಮೇಲೆ ನೀರು, ಅದರ ಕೆಳಗೆ ಒಣ ಮಣ್ಣು ಕಂಡ್ರೆ ಮಾತ್ರ ಪೈಪ್ ಹಾಕ್ಬೇಡಿ. ಅದು ವರ್ಷವರ್ಷ ಒಂದೇ ಆಳಕ್ಕೆ ಉತ್ತು ಟ್ರ್ಯಾಕ್ಟರ್ ಓಡಾಡಿ ಆದ ಪದರ, ಸಬ್‌ಸಾಯ್ಲರ್ ಹೊಡೆಸಿ, ಅಂದ್ರೆ ಆಳಕ್ಕೆ ಸೀಳೋ ನೇಗಿಲು ಹಾಯಿಸಿ, ಒಡೆದ್ರೆ ಸಾಕು. ಹಾಗೇ ಮೇಲಿನ ಗುಡ್ಡದಿಂದ ಹರಿದು ಬರೋ ನೀರು ಹೊಲಕ್ಕೆ ನುಗ್ತಾ ಇದ್ರೆ ಮೊದಲು ಮೇಲ್ಗಡೆ ತೆರೆದ ಕಾಲುವೆ ತೋಡಿ ಅದನ್ನ ಬದಿಗೆ ತಿರುಗಿಸಿ. ಅಷ್ಟು ನೀರನ್ನ ನೆಲದೊಳಗಿನ ಪೈಪ್ ತಡ್ಕೊಳ್ಳಲ್ಲ, ಅದನ್ನ ಮಾಡಿರೋದೂ ಅದಕ್ಕಲ್ಲ.

ಸರಿ, ಪೈಪ್ ಬೇಕು ಅಂತ ತೀರ್ಮಾನ ಆಯ್ತು. ಈಗ ಅಂಗಡಿಗೆ ಹೋಗೋ ಮುಂಚೆ ಹೊಲದ ತಗ್ಗಿನ ತುದಿಗೆ ಹೋಗಿ ನಿಂತ್ಕೊಳ್ಳಿ. ಬಸಿದ ನೀರು ಎಲ್ಲಿಗೆ ಬೀಳತ್ತೆ? ಇದಕ್ಕೆ ಉತ್ತರ ಇಲ್ಲ ಅಂದ್ರೆ ಮುಂದಿನ ಯಾವ ಮಾತೂ ಉಪಯೋಗಕ್ಕೆ ಬರಲ್ಲ. ಹಳ್ಳವೋ ಕಾಲುವೆಯೋ ಇದ್ರೆ ಅದು ತುಂಬಿ ಹರಿಯೋ ದಿನ ನೀರು ಎಲ್ಲಿವರೆಗೆ ಬರತ್ತೆ ಅಂತ ನೋಡಿ. ಪೈಪಿನ ಬಾಯಿ ಹಳ್ಳದ ಸಾಮಾನ್ಯ ನೀರಿಗಿಂತ ಕನಿಷ್ಠ ಒಂದಡಿ ಮೇಲೆ ಇರ್ಬೇಕು, ಇಲ್ಲಾಂದ್ರೆ ಹೊರಗೆ ಹೋಗೋ ನೀರು ಒಳಗೇ ನಿಂತು ಹೂಳು ತುಂಬತ್ತೆ. ಅಷ್ಟು ತಗ್ಗು ಸಿಗದಿದ್ರೆ ಒಂದು ಬಾವಿ ಥರ ಗುಂಡಿ ಮಾಡಿ ಅದಕ್ಕೆ ಬಸಿದು ಪಂಪ್‌ನಿಂದ ಎತ್ತಿ ಹಾಕೋದೊಂದೇ ದಾರಿ, ಅದು ವರ್ಷವರ್ಷವೂ ಕರೆಂಟು ಮತ್ತೆ ಕಾವಲು ಕೇಳೋ ಕೆಲಸ. ನಿಮ್ಮ ನೀರು ಕೆಳಗಿನ ಹೊಲದೋರ ಮೇಲೆ ಬೀಳೋ ಹಾಗಿದ್ರೆ ಅಗೆಯೋ ಮುಂಚೆಯೇ ಅವರ ಹತ್ರ ಕೂತು ಮಾತಾಡಿ, ಬರವಣಿಗೆಯಲ್ಲಿ ಒಪ್ಪಂದ ಮಾಡ್ಕೊಳ್ಳಿ. ಜೌಗು ಪ್ರದೇಶ, ಕೆರೆ ಅಂಗಳ ಇಂಥ ಜಾಗಗಳನ್ನ ಬಸಿಯೋಕೆ ಎಷ್ಟೋ ದೇಶಗಳಲ್ಲಿ ಅನುಮತಿ ಬೇಕು, ಅದನ್ನೂ ವಿಚಾರಿಸಿ. ನೆಲದೊಳಗೆ ಕರೆಂಟ್ ಕೇಬಲ್, ಕುಡಿಯೋ ನೀರಿನ ಲೈನ್, ಗ್ಯಾಸ್ ಲೈನ್ ಇದೆಯಾ ಅನ್ನೋದು ಅಗೆದಾಗ ಗೊತ್ತಾಗ್ಬಾರದು, ಮುಂಚೆಯೇ ಗೊತ್ತಿರ್ಬೇಕು.

ಈಗ ಆಳ ಮತ್ತೆ ಅಂತರ. ಸಾಮಾನ್ಯ ಹೊಲಕ್ಕೆ ಪೈಪು ಮೂರರಿಂದ ನಾಲ್ಕಡಿ ಆಳದಲ್ಲಿ ಇರ್ಬೇಕು. ಎರಡಡಿಗಿಂತ ಕಡಿಮೆ ಆಳದಲ್ಲಿ ಹಾಕಿದ್ರೆ ಭಾರದ ಗಾಡಿ ಹೋದಾಗ ಅಪ್ಪಚ್ಚಿ ಆಗತ್ತೆ. ನೀರಾವರಿ ಮಾಡಿ ಮಾಡಿ ಸವಳಾದ ಜಮೀನಿಗೆ ಇನ್ನೂ ಆಳ, ಐದಾರು ಅಡಿವರೆಗೂ ಹೋಗ್ತಾರೆ, ಯಾಕಂದ್ರೆ ಅಲ್ಲಿ ಉಪ್ಪುನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರೋ ಹಾಗೆ ಮಣ್ಣಲ್ಲಿ ಮೇಲಕ್ಕೆ ಏರತ್ತೆ, ಅದನ್ನ ಬೇರಿನಿಂದ ದೂರ ಇಡ್ಬೇಕು. ಸಾಲಿನಿಂದ ಸಾಲಿಗೆ ಎಷ್ಟು ದೂರ ಅನ್ನೋದು ಮಣ್ಣಿನ ಮೇಲೆ ಹೋಗತ್ತೆ. ಜಿಗುಟು ಜೇಡಿಯಲ್ಲಿ ನೀರು ಪಕ್ಕಕ್ಕೆ ಸರಿಯೋದೇ ನಿಧಾನ, ಅಲ್ಲಿ 8ರಿಂದ 15 ಮೀಟರಿಗೊಂದು ಸಾಲು ಬೇಕು. ಗೋಡು ಮಣ್ಣಿಗೆ 20ರಿಂದ 30 ಮೀಟರ್, ಮರಳು ಮಣ್ಣಿಗೆ 30 ದಾಟಿ ಇನ್ನೂ ದೂರ ಹೋದ್ರೂ ನಡೆಯತ್ತೆ. ಎರಡು ಸಾಲಿನ ನಡುಮಧ್ಯದಲ್ಲಿ ನೀರು ಉಬ್ಬಿ ನಿಂತಿರತ್ತೆ, ಪೈಪಿನ ಹತ್ರ ತಗ್ಗಿರತ್ತೆ, ಆ ಉಬ್ಬು ಬೇರಿನವರೆಗೆ ಬರದ ಹಾಗೆ ನೋಡ್ಕೊಳ್ಳೋದೇ ಅಂತರದ ಲೆಕ್ಕ. ನೆದರ್ಲೆಂಡ್ಸಿನ ಹೋಖ್‌ಹೌಟ್ (Hooghoudt) ಅನ್ನೋರು 1940ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ, ಇಂಜಿನಿಯರುಗಳು ಇವತ್ತಿಗೂ ಅದನ್ನೇ ಹಿಡಿದು ಲೆಕ್ಕ ಹಾಕ್ತಾರೆ. ಆ ಲೆಕ್ಕಕ್ಕೆ ಬೇಕಾಗೋದು ನಿಮ್ಮ ಮಣ್ಣಲ್ಲಿ ನೀರು ಸರಿಯೋ ವೇಗ. ಅದನ್ನ ಅಳೆಯೋಕೆ ನೆಲಕ್ಕೆ ಕೈ ಡ್ರಿಲ್ಲಿನಲ್ಲಿ ತೂತು ಕೊರೆದು, ಒಳಗೆ ಬಂದು ನಿಂತ ನೀರನ್ನ ಎತ್ತಿ ಹಾಕಿ, ಮತ್ತೆ ಎಷ್ಟು ಹೊತ್ತಿಗೆ ಎಷ್ಟು ಏರ್ತು ಅಂತ ಗಡಿಯಾರ ಹಿಡಿದು ನೋಡ್ತಾರೆ. ಹತ್ತಾರು ಎಕರೆ ಮಾಡೋರು ಈ ಪರೀಕ್ಷೆ ಮಾಡಿಸದೇ ಇರ್ಬೇಡಿ. 20 ಮೀಟರ್ ಅಂತರ ಅಂದ್ರೆ ಎಕರೆಗೆ ಸುಮಾರು 200 ಮೀಟರ್ ಪೈಪ್, 10 ಮೀಟರ್ ಅಂದ್ರೆ ನೇರವಾಗಿ ಎರಡರಷ್ಟು, 400. ಅನುಮಾನ ಇದ್ರೆ ಮೊದಲು 20ಕ್ಕೆ ಹಾಕಿ ಒಂದೆರಡು ಮಳೆಗಾಲ ನೋಡಿ, ಸಾಲದಿದ್ರೆ ಎರಡು ಸಾಲಿನ ಮಧ್ಯೆ ಇನ್ನೊಂದು ಸಾಲು ಸೇರಿಸ್ಬಹುದು. ಅದಕ್ಕೆ ತಕ್ಕ ಹಾಗೆ ಎಲ್ಲಾ ಸಾಲಿನ ನೀರು ಬಂದು ಸೇರೋ ಮೇನ್ ಪೈಪನ್ನ ಮೊದಲೇ ದೊಡ್ಡದು ಹಾಕಿರಿ.

ಹೊಲ ಪೂರ್ತಿ ಒದ್ದೆ ಇದ್ರೆ ಸಮಾನಾಂತರ ಸಾಲು, ಎಲ್ಲಾ ಹೋಗಿ ಒಂದು ಬದಿಯ ಮೇನಿಗೆ ಸೇರೋದು. ನಡುವೆ ಒಂದು ತಗ್ಗು ಓಡಿದ್ರೆ ಅದರುದ್ದಕ್ಕೂ ಮೇನ್, ಎರಡೂ ಕಡೆಯಿಂದ ಮೀನಿನ ಮುಳ್ಳಿನ ಥರ ಸಾಲು. ಅಲ್ಲೊಂದು ಇಲ್ಲೊಂದು ಮಡು ಇದ್ರೆ ಆ ಮಡುಗಳನ್ನ ಮಾತ್ರ ಮುಟ್ಟಿಕೊಂಡು ಬರೋ ಒಂದು ಪೈಪ್ ಸಾಕು. ಇಳಿಜಾರಿನ ಬುಡದಲ್ಲಿ ಒರತೆ ಒಸರ್ತಾ ಇದ್ರೆ ಒದ್ದೆ ಜಾಗದ ಮಧ್ಯದಲ್ಲಿ ಹಾಕ್ಬೇಡಿ, ಅದಕ್ಕೂ ಸ್ವಲ್ಪ ಮೇಲೆ, ನೀರು ಹೊರಗೆ ಬರೋ ಗೆರೆಗೆ ಮುಂಚೆಯೇ ಇಳಿಜಾರಿಗೆ ಅಡ್ಡವಾಗಿ ಒಂದೇ ಸಾಲು ಹಾಕಿ ತಡೆದು ಹಿಡ್ಕೊಳ್ಳಿ. ಆ ಒಂದು ಸಾಲು ಕೆಳಗಿನ ಹತ್ತು ಸಾಲಿನ ಕೆಲಸ ಮಾಡೋದನ್ನ ನೋಡಿದೀನಿ.

ಪೈಪ್ ಅಂದ್ರೆ ಈಗ ಸುಕ್ಕು ಸುಕ್ಕಾಗಿ ಸುರುಳಿ ಬರೋ ಪ್ಲಾಸ್ಟಿಕ್ ಪೈಪ್, ಸುಕ್ಕಿನ ತಗ್ಗಿನಲ್ಲಿ ಸಣ್ಣ ಸೀಳು ಇರತ್ತೆ, ನೀರು ಒಳಗೆ ಬರೋದು ಅಲ್ಲಿಂದ. ಹಿಂದೆ ಇದೇ ಕೆಲಸಕ್ಕೆ ಸುಟ್ಟ ಮಣ್ಣಿನ ಕೊಳವೆ ತುಂಡುಗಳನ್ನ ಒಂದಕ್ಕೊಂದು ತಾಗಿಸಿ ಇಡ್ತಿದ್ರು. ಸ್ಕಾಟ್ಲೆಂಡಿನಿಂದ ಹೋಗಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನೆಲೆಸಿದ್ದ ಜಾನ್ ಜಾನ್‌ಸ್ಟನ್ ಅನ್ನೋ ರೈತರು 1830ರ ದಶಕದಲ್ಲಿ ತಮ್ಮ ಹೊಲಕ್ಕೆ ಅಂಥದ್ದನ್ನ ಹಾಕಿ ಗೋಧಿ ಇಳುವರಿ ಹೆಚ್ಚಿಸಿ ತೋರಿಸಿದ ಮೇಲೆ ಆ ದೇಶದಲ್ಲಿ ಇದು ಹಬ್ಬಿದ್ದು. ಈಗ ಪ್ಲಾಸ್ಟಿಕ್ ಬಂದ್ರೂ ಇಂಗ್ಲಿಷಿನಲ್ಲಿ ಟೈಲ್ ಅಂತಾನೇ ಕರೆಯೋದು ಅದೇ ಹಳೇ ಕೊಳವೆಯ ಹೆಸರು.

ಸಾಲಿಗೆ 80 ಅಥವಾ 100 ಮಿಲಿಮೀಟರ್ ಪೈಪು, ಮೇನಿಗೆ 150 ಅಥವಾ 200. ಯಾವುದು ಬೇಕು ಅನ್ನೋದಕ್ಕೆ ಲೆಕ್ಕ ಕಷ್ಟ ಇಲ್ಲ. ದಿನಕ್ಕೆ 10 ಮಿಲಿಮೀಟರ್ ನೀರು ಹೊಲದಿಂದ ಹೊರಗೆ ಹೋಗ್ಬೇಕು ಅಂತ ಇಟ್ಕೊಳ್ಳಿ, ಬಹಳ ಕಡೆ ಇದೇ ಅಳತೆ ಹಿಡೀತಾರೆ. ಒಂದು ಎಕರೆ ಮೇಲೆ 10 ಮಿಲಿಮೀಟರ್ ಅಂದ್ರೆ ಸುಮಾರು 40,000 ಲೀಟರ್, ಅಂದ್ರೆ ಸೆಕೆಂಡಿಗೆ ಅರ್ಧ ಲೀಟರಿಗಿಂತ ಒಂಚೂರು ಕಮ್ಮಿ. 100 ಮಿಲಿಮೀಟರ್ ಸುಕ್ಕು ಪೈಪು 100 ಮೀಟರಿಗೆ 20 ಸೆಂಟಿಮೀಟರ್ ವಾಟದಲ್ಲಿ, ಅಂದ್ರೆ ಇಳಿಜಾರಿನಲ್ಲಿ, ತುಂಬಿ ಹರಿದ್ರೆ ಸೆಕೆಂಡಿಗೆ ಸುಮಾರು 2 ಲೀಟರ್ ಸಾಗಿಸತ್ತೆ, ಅಂದ್ರೆ ನಾಲ್ಕು ಎಕರೆ ನೀರು. ಅದೇ ವಾಟದಲ್ಲಿ 150ರ ಪೈಪು ಹತ್ರ ಹತ್ರ ಮೂರರಷ್ಟು ಸಾಗಿಸತ್ತೆ. ಪೈಪು ಒಂದೂವರೆ ಪಟ್ಟು ದಪ್ಪ ಆದ್ರೆ ನೀರು ಮೂರು ಪಟ್ಟು ಹೋಗತ್ತೆ, ಅದಕ್ಕೇ ಮೇನಿನಲ್ಲಿ ಜುಗ್ಗತನ ಮಾಡ್ಬೇಡಿ.

ಪೈಪಿಗೆ ಬಟ್ಟೆ ಸುತ್ತಬೇಕಾ ಬೇಡ್ವಾ ಅನ್ನೋದು ಎಲ್ಲರೂ ಕೇಳೋ ಪ್ರಶ್ನೆ. ಅಂಟು ಜೇಡಿ ಮಣ್ಣಿಗೆ ಸಾಮಾನ್ಯವಾಗಿ ಬೇಡ, ಆ ಮಣ್ಣು ತನ್ನನ್ನ ತಾನೇ ಹಿಡ್ಕೊಂಡು ನಿಲ್ಲತ್ತೆ. ಅಪಾಯ ಇರೋದು ನುಣುಪಾದ ಮರಳು ಮತ್ತೆ ಜೇಡಿ ಅಂಶ ಕಡಿಮೆ ಇರೋ ಗೋಡು ಮಣ್ಣಿನಲ್ಲಿ, ನೀರಿನ ಜೊತೆ ಕಣ ಜಾರಿಕೊಂಡು ಸೀಳಿನೊಳಗೆ ಬರತ್ತೆ. ಅಂಥ ಕಡೆ ಕಾರ್ಖಾನೆಯಲ್ಲೇ ಬಟ್ಟೆ ಹೊದಿಸಿದ ಪೈಪ್ ತಗೊಳ್ಳಿ, ಇಲ್ಲಾಂದ್ರೆ ಪೈಪ್ ಸುತ್ತ ಮೂರ್ನಾಲ್ಕು ಇಂಚು ತೊಳೆದ ಸಣ್ಣ ಜಲ್ಲಿ ಮತ್ತೆ ದಪ್ಪ ಮರಳು ಬೆರೆಸಿ ಹಾಕಿ. ತೆಂಗಿನ ನಾರು ಸುತ್ತಿದ ಪೈಪೂ ಬರತ್ತೆ, ಆದ್ರೆ ನಾರು ವರ್ಷ ಕಳೆದ ಹಾಗೆ ಕೊಳೆಯತ್ತೆ ಅನ್ನೋದು ಗಮನದಲ್ಲಿರ್ಲಿ. ಬಟ್ಟೆ ಹೊದಿಸಿದ ಪೈಪನ್ನ ಕೆಸರಿನಲ್ಲಿ ಎಳೆದಾಡ್ಬೇಡಿ, ಹಾಕೋ ಮುಂಚೆಯೇ ಬಟ್ಟೆಯ ಕಣ್ಣು ಕಟ್ಕೊಂಡ್ರೆ ಹಾಕಿಯೂ ದಂಡ.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂತಿರೋ ವಿಷಯ, ವಾಟ. ಮೇಲ್ಮೈ ಕಾಲುವೆಯಲ್ಲಿ ತಪ್ಪಾದ್ರೆ ಕಣ್ಣಿಗೆ ಕಾಣತ್ತೆ, ಒಂದು ಸಲಿಕೆ ಮಣ್ಣು ತೆಗೆದ್ರೆ ಸರಿ ಹೋಗತ್ತೆ. ನೆಲದೊಳಗಿನ ಪೈಪಿನ ತಪ್ಪು ಮಣ್ಣು ಮುಚ್ಚಿದ ಕ್ಷಣದಿಂದ ಯಾರಿಗೂ ಕಾಣಲ್ಲ, ಒಂದೆರಡು ವರ್ಷ ಬಿಟ್ಟು ಬೆಳೆಯಲ್ಲಿ ಕಾಣತ್ತೆ. ನನ್ನ ಮೊದಲನೇ ಸಲದ ಸಾಲುಗಳಲ್ಲಿ ಒಂದು ಸಾಲು ಸುಮಾರು 60 ಮೀಟರ್ ಇತ್ತು, ಮಧ್ಯದಲ್ಲಿ ಒಂದು ಕಡೆ ಜೆಸಿಬಿ ಬಕೆಟ್ ಒಂದು ಗೇಣು ಹೆಚ್ಚಿಗೆ ಕೆಳಗೆ ಹೋಯ್ತು. ಅಗೆದ ಮಣ್ಣನ್ನೇ ಅಲ್ಲಿ ಎಳೆದು ಹಾಕಿ ಕಾಲಲ್ಲಿ ತುಳಿದು ಮಟ್ಟ ಮಾಡಿ ಪೈಪ್ ಇಟ್ಟೆ, ಅವತ್ತು ಅಳತೆ ಸರಿಯಾಗೇ ಬಂತು. ಮಳೆ ನೀರು ಇಳಿದಾಗ ಆ ಸಡಿಲ ಮಣ್ಣು ಕುಸಿದು ಪೈಪು ಅಲ್ಲಿ ಜೋಲು ಬಿದ್ದಿತ್ತು. ಎರಡನೇ ಮಳೆಗಾಲದಲ್ಲಿ ಆ ಜಾಗದಿಂದ ಮೇಲಕ್ಕೆ ಹಳೇ ಕೆಸರು ವಾಪಸ್ ಬಂತು, ಅಲ್ಲಿಂದ ಕೆಳಗಿನ ಅರ್ಧ ಚೆನ್ನಾಗೇ ಇತ್ತು, ಹಾಗಾಗಿ ಎಲ್ಲಿ ಅಗೀಬೇಕು ಅಂತ ಹೊಲವೇ ತೋರಿಸ್ತು. ಪೈಪ್ ಕುಯ್ದು ನೋಡಿದ್ರೆ ಒಳಗೆ ಮುಕ್ಕಾಲು ಭಾಗ ಬೂದು ಹೂಳು, ಚೆನ್ನಾಗಿ ನಾದಿದ ಹಿಟ್ಟಿನ ಥರ, ಬೆರಳು ಒತ್ತಿದ್ರೆ ಗುರುತು ನಿಲ್ತಿತ್ತು. ಜೋಲು ಇದ್ದಿದ್ದು ಎರಡೂವರೆ ಇಂಚು ಅಷ್ಟೇ. ನೀರು ಅಲ್ಲಿಗೆ ಬಂದಾಗ ವೇಗ ಕಳ್ಕೊಳ್ಳತ್ತೆ, ಹೊತ್ತು ತಂದ ಮಣ್ಣನ್ನ ಅಲ್ಲೇ ಇಳಿಸತ್ತೆ, ದಿನಾ ಒಂದು ಚೂರು. ಹಾಗಾಗಿ ಹೆಚ್ಚಿಗೆ ಅಗೆದು ಹೋದ ಕಡೆ ಜಲ್ಲಿ ತುಂಬಿ ದಿಮ್ಮಿಸಿ ಮಟ್ಟ ಮಾಡಿ, ಸಡಿಲ ಮಣ್ಣು ಮಾತ್ರ ಬೇಡವೇ ಬೇಡ.

ವಾಟ ಎಷ್ಟು? 100 ಮೀಟರಿಗೆ 10 ಸೆಂಟಿಮೀಟರ್ ಅನ್ನೋದು ತೀರಾ ಕಡಿಮೆ ಮಿತಿ, ಅದನ್ನ ಲೇಸರ್ ಇರೋ ಮೆಷಿನ್ನೇ ಸರಿಯಾಗಿ ಹಿಡಿಯೋಕೆ ಸಾಧ್ಯ. ಕೈಯಲ್ಲಿ ಮಾಡೋರು 100 ಮೀಟರಿಗೆ 25 ಸೆಂಟಿಮೀಟರ್, ಅಂದ್ರೆ 100 ಅಡಿಗೆ 3 ಇಂಚು ಇಟ್ಕೊಳ್ಳಿ, ಸಣ್ಣಪುಟ್ಟ ವ್ಯತ್ಯಾಸ ಆದ್ರೂ ಹಿಮ್ಮುಖ ಆಗಲ್ಲ. ನುಣುಪು ಮರಳು ಇದ್ರೆ ಇನ್ನೂ ಜಾಸ್ತಿ ಕೊಡಿ, ಹೂಳು ತೊಳೆದುಕೊಂಡು ಹೋಗೋ ವೇಗ ಬೇಕು. ಮೇಲೆ ಜೋರು ಇಳಿಜಾರು, ಕೆಳಗೆ ದಿಢೀರ್ ಅಂತ ಸಪಾಟು ಆಗೋ ಹಾಗಿದ್ರೆ ಆ ತಿರುವಿನಲ್ಲಿ ಒಂದು ಹೂಳು ಗುಂಡಿ ಕಟ್ಟಿ, ಪೈಪಿನ ತಳಕ್ಕಿಂತ ಒಂದೂವರೆ ಅಡಿ ಆಳ, ಮೇಲೆ ಮುಚ್ಚಳ, ಹೂಳೆಲ್ಲ ಅಲ್ಲೇ ಬೀಳತ್ತೆ, ವರ್ಷಕ್ಕೊಮ್ಮೆ ಎತ್ತಿ ಹಾಕಿದ್ರೆ ಆಯ್ತು.

ಅಳೆಯೋದು ಹೀಗೆ. ಡಂಪಿ ಲೆವೆಲ್ಲೋ ಲೇಸರ್ರೋ ಸಿಕ್ರೆ ತುಂಬಾ ಒಳ್ಳೇದು, ಇಲ್ಲಾಂದ್ರೆ ಗಾರೆ ಕೆಲಸದೋರು ಬಳಸೋ ನೀರಿನ ಟ್ಯೂಬ್ ಲೆವೆಲ್ ಸಾಕು, ಟ್ಯೂಬಿನಲ್ಲಿ ಒಂದೇ ಒಂದು ಗಾಳಿ ಗುಳ್ಳೆ ಇದ್ರೂ ಸುಳ್ಳು ಹೇಳತ್ತೆ, ಅದನ್ನ ಪೂರ್ತಿ ಓಡಿಸಿ ಶುರು ಮಾಡಿ. ಸಾಲಿನ ಪಕ್ಕ 10 ಮೀಟರಿಗೊಂದು ಗೂಟ ಹೊಡೀರಿ. ಬಾಯಿಯ ಕಡೆಯ ಗೂಟದಲ್ಲಿ ಪೈಪಿನ ತಳ ಬರಬೇಕಾದ ಜಾಗದಿಂದ ಸರಿಯಾಗಿ 2 ಮೀಟರ್ ಮೇಲೆ ಒಂದು ಗುರುತು ಮಾಡಿ. ಟ್ಯೂಬಿನಿಂದ ಆ ಮಟ್ಟವನ್ನ ಮುಂದಿನ ಗೂಟಕ್ಕೆ ತಗೊಂಡು ಹೋಗಿ ಅಲ್ಲಿಂದ 2.5 ಸೆಂಟಿಮೀಟರ್ ಮೇಲಕ್ಕೆ ಗುರುತು, ಅದರ ಮುಂದಿನದಕ್ಕೆ ಮತ್ತೆ 2.5 ಮೇಲೆ, ಹೀಗೇ ತುದಿವರೆಗೆ. ಈ ಗುರುತುಗಳಿಗೆ ನೈಲಾನ್ ದಾರ ಬಿಗಿಯಾಗಿ ಎಳೆದು ಕಟ್ಟಿದ್ರೆ ಆ ದಾರವೇ ನಿಮ್ಮ ಪೈಪು, 2 ಮೀಟರ್ ಮೇಲೆ ಗಾಳಿಯಲ್ಲಿ ಕಾಣ್ತಾ ಇರತ್ತೆ. ಈಗ 2 ಮೀಟರ್ ಉದ್ದದ ಒಂದು ನೆಟ್ಟಗಿನ ಕೋಲು ತಗೊಂಡು, ಅಗೆಯೋರ ಹಿಂದೆಯೇ ಪ್ರತಿ ಎರಡು ಮೂರು ಹೆಜ್ಜೆಗೆ ಕೋಲನ್ನ ಕಾಲುವೆ ತಳಕ್ಕೆ ಊರಿ ನೋಡೋದು, ಕೋಲಿನ ತಲೆ ದಾರಕ್ಕೆ ತಾಗಿದ್ರೆ ಸರಿ, ದಾರ ಎತ್ತಿದ್ರೆ ಇನ್ನೂ ಕೆರೀಬೇಕು, ದಾರ ಮುಟ್ಟದಿದ್ರೆ ಜಾಸ್ತಿ ಅಗೆದಿದೆ. ಈ ಕೋಲು ಹಿಡಿಯೋ ಕೆಲಸವನ್ನ ಸಂಜೆ ಹೊತ್ತಿಗೆ ಸುಸ್ತಾಗಿ ಯಾರಿಗೋ ಕೊಟ್ಟು ಹೋಗ್ಬೇಡಿ. ನಿಮ್ಮ ಹೊಲ, ನೀವೇ ಹಿಡೀರಿ.

ಅಗೆಯೋಕೆ ಹದ ನೋಡ್ಕೊಳ್ಳಿ, ಮಣ್ಣು ಒಣಗಿರೋ ಕಾಲವೇ ಒಳ್ಳೇದು. ಒದ್ದೆ ಜೇಡಿಯಲ್ಲಿ ಬಕೆಟ್ ಆಡಿದ್ರೆ ಕಾಲುವೆ ಗೋಡೆ ಕರಣೆ ಎಳೆದ ಹಾಗೆ ನುಣ್ಣಗೆ ಮೆತ್ತಿಕೊಳ್ಳತ್ತೆ, ಆಮೇಲೆ ಅದರ ಮೂಲಕ ನೀರು ಬರೋದೇ ಇಲ್ಲ. ಯಾವಾಗಲೂ ಬಾಯಿಯ ಕಡೆಯಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಮೊದಲು ಮೇನ್ ಆಮೇಲೆ ಸಾಲು, ಆಗ ಮಧ್ಯೆ ನೀರು ಬಂದ್ರೂ ಅದು ಹೊರಗೆ ಹೋಗೋಕೆ ದಾರಿ ಇರತ್ತೆ. ಮೇಲಿನ ಫಲವತ್ತಾದ ಮಣ್ಣನ್ನ ಒಂದು ಕಡೆ, ಕೆಳಗಿನ ಮಣ್ಣನ್ನ ಇನ್ನೊಂದು ಕಡೆ ಹಾಕಿಸಿ, ಅಂಚಿನಿಂದ ಎರಡಡಿ ದೂರ ಇರ್ಲಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗತ್ತೆ, ಗೋಡೆ ಕುಸಿದ್ರೆ ಎದೆಮಟ್ಟದ ಕಾಲುವೆಯಲ್ಲೂ ಮನುಷ್ಯ ಉಸಿರಾಡೋಕೆ ಆಗಲ್ಲ. ನಾಲ್ಕಡಿ ದಾಟಿದ ಕಾಲುವೆಯೊಳಗೆ ಆಸರೆ ಕೊಡದೇ ಯಾರನ್ನೂ ಇಳಿಸ್ಬೇಡಿ, ಒಬ್ಬರೇ ಇರೋವಾಗಂತೂ ಇಳೀಲೇಬೇಡಿ. ಅವತ್ತಿನ ಕಾಲುವೆ ಅವತ್ತೇ ಮುಚ್ಚೋ ಹಾಗೆ ಅಗೀರಿ, ರಾತ್ರಿ ಮಳೆ ಬಂದ್ರೆ ಬೆಳಗ್ಗೆ ಹೊತ್ತಿಗೆ ಮಾಡಿದ್ದೆಲ್ಲ ಹೂಳು.

ತಳದಲ್ಲಿ ಪೈಪಿನ ಅರ್ಧ ಕೂರೋ ಹಾಗೆ ದುಂಡಗೆ ಒಂದು ತೋಡು ಕೆರೀರಿ, ಪೈಪಿಗೆ ತೊಟ್ಟಿಲು ಇದ್ದ ಹಾಗೆ, ಅದು ಇದ್ರೆ ಪೈಪು ಚಪ್ಪಟೆ ಆಗಲ್ಲ, ಪಕ್ಕಕ್ಕೂ ಹಾವಿನ ಥರ ಹರಿಯಲ್ಲ. ಸುರುಳಿ ಬಿಚ್ಚೋವಾಗ ಎಳೀಬೇಡಿ, ಬಿಸಿಲಿಗೆ ಮೆತ್ತಗಾದ ಪೈಪು ರಬ್ಬರ್ ಥರ ಹಿಗ್ಗತ್ತೆ, ಹಿಗ್ಗಿದ್ರೆ ಬಲ ಹೋಗತ್ತೆ, ನೂರಕ್ಕೆ ಐದಕ್ಕಿಂತ ಹೆಚ್ಚು ಹಿಗ್ಗಿಸ್ಬಾರದು. ಬಿಸಿಲು ಜೋರಿದ್ರೆ ಬೆಳಗ್ಗೆ ತಂಪಿನಲ್ಲೇ ಹಾಕಿ ಮುಗಿಸಿ. ಜೋಡಣೆಗೆ ಅದಕ್ಕೇ ಬರೋ ಕಪ್ಲರ್, ಟೀ, ವೈ ಬಳಸಿ, ಚಾಕುವಿನಲ್ಲಿ ತೂತು ಮಾಡಿ ಪೈಪ್ ತೂರಿಸಿ ಬಟ್ಟೆ ಸುತ್ತೋದು ಬೇಡ. ಸಾಲು ಮೇನಿಗೆ ಸೇರೋದು ಮೇಲಿನಿಂದ ಇರ್ಬೇಕು, ತಳದಿಂದ ತಳಕ್ಕೆ ಸೇರಿಸಿದ್ರೆ ಮೇನ್ ತುಂಬಿದಾಗ ನೀರು ಸಾಲಿಗೆ ವಾಪಸ್ ನುಗ್ಗತ್ತೆ. ಮೇಲಿನ ತುದಿಗೆ ಕ್ಯಾಪ್ ಹಾಕಿ, ಅಥವಾ ಆ ತುದಿಯನ್ನ ಬದುವಿನ ಹತ್ರ ಮೇಲಕ್ಕೆ ತಿರುಗಿಸಿ ಮುಚ್ಚಳ ಹಾಕಿಟ್ರೆ ಮುಂದೆ ಪ್ರೆಶರ್ ಪೈಪ್ ಬಿಟ್ಟು ತೊಳೆಯೋಕೆ ಅನುಕೂಲ. ಹತ್ತಿರ ನೀಲಗಿರಿ ಅಥವಾ ನೀರು ಹುಡುಕಿಕೊಂಡು ಬೇರು ಬಿಡೋ ಯಾವುದೇ ಮರ ಇದ್ರೆ ಅಷ್ಟುದ್ದಕ್ಕೆ ತೂತಿಲ್ಲದ ಪೈಪ್ ಹಾಕಿ, ಕೂದಲಿನಂಥ ಬೇರು ಸೀಳಿನಲ್ಲಿ ನುಗ್ಗಿ ಒಳಗೆ ಜಡೆ ಕಟ್ಟಿದ್ರೆ ಅಗೆಯದೇ ಬೇರೆ ದಾರಿ ಇಲ್ಲ.

ಮುಚ್ಚೋ ಮುಂಚೆ ಕೊನೇ ಸಲ ಕೋಲು ಹಿಡಿದು ಪೂರ್ತಿ ಸಾಲು ನಡೀರಿ, ಈ ಸಲ ಪೈಪಿನ ನೆತ್ತಿ ಅಳೀರಿ, ಕೋಲಿನ ತಲೆ ಎಲ್ಲಾ ಕಡೆ ದಾರಕ್ಕಿಂತ ಪೈಪಿನ ದಪ್ಪದಷ್ಟೇ ಮೇಲೆ ಬರ್ಬೇಕು. ಸರಿ ಇದ್ರೆ ಮೊದಲ ಅರ್ಧ ಅಡಿ ಮಣ್ಣನ್ನ ಕೈಯಲ್ಲೇ ಹಾಕ್ಬೇಕು, ಮೇಲಿನ ಪದರದ ಪುಡಿ ಮಣ್ಣು, ಪೈಪಿನ ಎರಡೂ ಪಕ್ಕ ತುಂಬೋ ಹಾಗೆ. ಮೆಷಿನ್ನಿಂದ ಒಂದೇ ಸಲ ಹೆಂಟೆ ದೂಡಿದ್ರೆ ಪೈಪು ಅಲ್ಲೇ ಒಡೆಯತ್ತೆ ಅಥವಾ ಜಾಗ ಬಿಟ್ಟು ಸರಿಯತ್ತೆ. ಆಮೇಲೆ ಉಳಿದದ್ದನ್ನ ಜೆಸಿಬಿ ದೂಡ್ಲಿ. ಮೇಲೆ ಒಂದು ಗೇಣು ಉಬ್ಬು ಬಿಡಿ, ಮಳೆ ಬಂದ ಮೇಲೆ ತಾನೇ ಕೂರತ್ತೆ. ಮೊದಲ ಮಳೆಗಾಲ ಮುಗಿಯೋವರೆಗೆ ಆ ಗೆರೆ ಮೇಲೆ ಭಾರದ ಟ್ರಾಲಿ ಹತ್ತಿಸ್ಬೇಡಿ.

ಬಾಯಿಯ ಕೊನೆಯ 4 ರಿಂದ 6 ಮೀಟರಿಗೆ ತೂತಿಲ್ಲದ ಗಟ್ಟಿ ಪೈಪ್ ಇರ್ಲಿ, ಹಳ್ಳದ ದಂಡೆಯಿಂದ ಒಂದಡಿ ಹೊರಗೆ ಚಾಚಿರ್ಲಿ, ನೀರು ಬೀಳೋ ಜಾಗಕ್ಕೆ ಕಲ್ಲು ಜೋಡಿಸಿ, ಇಲ್ಲಾಂದ್ರೆ ದಂಡೆ ಕೊರೆದು ಪೈಪಿನ ತುದಿ ಮುರಿದು ಬೀಳತ್ತೆ. ಕಂಬಿಯ ಜಾಲರಿ ಹಾಕಿ, ಒಣ ಕಾಲದಲ್ಲಿ ಇಲಿ ಹೆಗ್ಗಣಕ್ಕೆ ಇದಕ್ಕಿಂತ ಒಳ್ಳೇ ಮನೆ ಸಿಗಲ್ಲ, ಆದ್ರೆ ಕಸ ಸಿಕ್ಕಿಕೊಂಡಾಗ ತೆಗೆಯೋ ಹಾಗೆ ತಿರುಗೋ ಜಾಲರಿ ಇರ್ಬೇಕು. ಪಕ್ಕದಲ್ಲಿ ಒಂದು ಕಲ್ಲು ನಿಲ್ಲಿಸಿ ಬಣ್ಣ ಬಳಿದಿಡಿ, ಹುಲ್ಲು ಬೆಳೆದ ಮೇಲೆ ಬಾಯಿ ಹುಡುಕೋದೇ ಒಂದು ಕೆಲಸ ಆಗತ್ತೆ. ಹಾಗೇ ಎಲ್ಲಾ ಸಾಲಿನ ಜಾಗ, ಆಳ, ಜೋಡಣೆ ಎಲ್ಲಿದೆ ಅಂತ ನಕ್ಷೆ ಬರೆದು, ಕಾಲುವೆ ತೆರೆದಿರೋವಾಗಲೇ ಫೋಟೋ ತೆಗೆದು, ಫೋನಿನ ಜಿಪಿಎಸ್ ಗುರುತು ಹಾಕಿ, ಮನೆಯಲ್ಲಿ ಇನ್ನೊಬ್ಬರಿಗೂ ಕೊಟ್ಟಿಡಿ. ಹತ್ತು ವರ್ಷ ಆದ ಮೇಲೆ ಬೋರ್‌ವೆಲ್ ಲೈನಿಗೆ ಅಗೆಯೋರು ಇದನ್ನ ಕೇಳ್ತಾರೆ.

ಸವಳು ಜಮೀನಿನೋರಿಗೆ ಎರಡು ಮಾತು. ಪೈಪು ಉಪ್ಪನ್ನ ತಾನಾಗಿ ತೆಗೆಯಲ್ಲ, ಒಳ್ಳೇ ನೀರು ಮೇಲಿನಿಂದ ಕೊಟ್ಟು ಉಪ್ಪನ್ನ ಕರಗಿಸಿ ಕೆಳಗೆ ಇಳಿಸಿದಾಗ ಪೈಪು ಅದನ್ನ ಹೊರಗೆ ಒಯ್ಯತ್ತೆ. ಸೋಡಿಯಂ ಜಾಸ್ತಿ ಇರೋ ಕರಲು ಮಣ್ಣಾದ್ರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕ್ಬೇಕು, ಇಲ್ಲದಿದ್ರೆ ಮಣ್ಣೇ ನೀರು ಬಿಡಲ್ಲ. ಆ ಉಪ್ಪುನೀರು ಕೊನೆಗೆ ಯಾರದ್ದೋ ಹಳ್ಳಕ್ಕೆ ಹೋಗತ್ತೆ ಅನ್ನೋದನ್ನ ಮರೀಬೇಡಿ. ಮಾಮೂಲಿ ಹೊಲದಲ್ಲೂ ಹೀಗೇ, ಬಸಿ ನೀರಿನ ಜೊತೆ ಗೊಬ್ಬರದ ಸಾರಜನಕ ನೈಟ್ರೇಟ್ ರೂಪದಲ್ಲಿ ಹೋಗತ್ತೆ. ಅಮೆರಿಕದ ಮಧ್ಯಪಶ್ಚಿಮದ ಹೊಲಗಳ ಬಸಿ ಪೈಪಿನಿಂದ ಹೊರಟ ನೈಟ್ರೇಟ್ ಮಿಸ್ಸಿಸ್ಸಿಪ್ಪಿ ನದಿ ಸೇರಿ, ಮೆಕ್ಸಿಕೋ ಕೊಲ್ಲಿಯಲ್ಲಿ ಆಮ್ಲಜನಕ ಇಲ್ಲದ ನೀರಿನ ಪ್ರದೇಶ ಆಗೋಕೆ ದೊಡ್ಡ ಕಾರಣಗಳಲ್ಲಿ ಒಂದಾಗಿದೆ. ಯೂರಿಯಾವನ್ನ ಒಂದೇ ಸಲ ಸುರಿಯದೇ ಕಂತಿನಲ್ಲಿ ಕೊಡಿ, ಮೇನಿನ ಬಾಯಿ ಹತ್ರ ಹಲಗೆ ಇಳಿಸೋ ಪೆಟ್ಟಿಗೆ ಕಟ್ಟಿ ನೀರು ಬಿಡೋ ಅಗತ್ಯ ಇಲ್ಲದ ದಿನಗಳಲ್ಲಿ ಹಲಗೆ ಹಾಕಿ ಮಟ್ಟ ಎತ್ತಿಡಿ. ಗೊಬ್ಬರವೂ ಉಳಿಯತ್ತೆ, ಒಣ ವಾರದಲ್ಲಿ ಬೆಳೆಗೆ ಕೆಳಗಿನಿಂದ ತೇವವೂ ಸಿಗತ್ತೆ.

ಹಾಕಿದ ಮೇಲೆ ಮೊದಲ ದೊಡ್ಡ ಮಳೆಗೆ ಬಾಯಿ ಹತ್ರ ಹೋಗಿ ನೋಡಿ. ಮೊದಮೊದಲು ನೀರು ಕದಡಿ ಬರತ್ತೆ, ಅದಕ್ಕೆ ಗಾಬರಿ ಬೇಡ, ಒಂದೆರಡು ಮಳೆ ಕಳೆದ ಮೇಲೆ ತಿಳಿ ಆಗ್ಬೇಕು. ತಿಂಗಳಾದ್ರೂ ಕದಡಿದ ನೀರೇ ಬಂದ್ರೆ ಎಲ್ಲೋ ಜೋಡಣೆ ಬಿಟ್ಟಿದೆ ಅಥವಾ ಬಟ್ಟೆ ಹರಿದಿದೆ, ಸಾಲಿನ ಗೆರೆ ಮೇಲೆ ನಡೆದು ನೆಲ ಕುಸಿದ ಜಾಗ ಹುಡುಕಿ. ಕಿತ್ತಳೆ ಬಣ್ಣದ ಲೋಳೆ ಬಂದ್ರೆ ಅದು ನೀರಲ್ಲಿ ಕರಗಿದ್ದ ಕಬ್ಬಿಣ, ಪೈಪಿನಲ್ಲಿ ಗಾಳಿ ಸಿಕ್ಕಿ ಬ್ಯಾಕ್ಟೀರಿಯಾ ಜೊತೆ ಸೇರಿ ಲೋಳೆ ಆಗತ್ತೆ, ಅದು ಗಟ್ಟಿ ಆಗೋ ಮುಂಚೆ ಪ್ರೆಶರಿನಲ್ಲಿ ತೊಳೆಸಿ. ಒಂದು 10 ಲೀಟರ್ ಬಕೆಟ್ ಮತ್ತೆ ಫೋನ್ ತಗೊಂಡು ಹೋಗಿ ಬಕೆಟ್ ತುಂಬೋಕೆ ಎಷ್ಟು ಸೆಕೆಂಡ್ ಅಂತ ಬರೆದಿಡಿ. ದಿನಕ್ಕೆ 10 ಮಿಲಿಮೀಟರ್ ಲೆಕ್ಕದಲ್ಲಿ ಒಂದು ಎಕರೆಯ ಸಾಲು ಜೋರಾಗಿ ಹರಿಯೋವಾಗ ಬಕೆಟ್ ಸುಮಾರು 21 ಸೆಕೆಂಡಿಗೆ ತುಂಬತ್ತೆ, ನಾಲ್ಕು ಎಕರೆಯದು 5 ಸೆಕೆಂಡಿಗೆ. ಪ್ರತಿ ವರ್ಷ ದೊಡ್ಡ ಮಳೆಯ ಮಾರನೇ ದಿನ ಇದೇ ಅಳತೆ ತಗೊಂಡು ಹಿಂದಿನ ವರ್ಷದ ಪಕ್ಕ ಬರೀರಿ. ಅಷ್ಟೇ ಮಳೆಗೆ ಸೆಕೆಂಡು ಎರಡರಷ್ಟು ಆಯ್ತು ಅಂದ್ರೆ ಬೆಳೆ ಹಳದಿ ಆಗೋವರೆಗೆ ಕಾಯದೇ ಮೇಲಿನ ತುದಿಯ ಮುಚ್ಚಳ ತೆಗೆದು ತೊಳೆಯೋಕೆ ಶುರು ಮಾಡಿ.